ನಾಲ್ಕು ಸ್ಲಾಟ್‌ಗಳ ಮದರ್‌ಬೋರ್ಡಿನಲ್ಲಿ ಎರಡು ರ‍್ಯಾಮ್: ಯಾವ ಎರಡರಲ್ಲಿ ಹಾಕಬೇಕು?

ಚಂಡೆಪೆಟ್ಟು, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಮದುವೆ, ಉಪನಯನ ಮತ್ತು ಯಕ್ಷಗಾನದ ವಿಡಿಯೋ ಚಿತ್ರೀಕರಿಸಿ ಸಂಕಲನ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಕಂಪ್ಯೂಟರ್ ಬಳಸಿ ಗೊತ್ತೇ ಹೊರತು ಅದರ ಹೊಟ್ಟೆ ಬಿಚ್ಚಿ ನೋಡಿದವನಲ್ಲ. ಪ್ರಶ್ನೆ ತೀರ ಎಳಸಾಗಿದ್ದರೆ ಮನ್ನಿಸಬೇಕು.

ನನ್ನ ಕಂಪ್ಯೂಟರಿನಲ್ಲಿ ರೈಜನ್ 5 5600ಜಿ ಪ್ರೊಸೆಸರ್ ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮೊದಲು 8 ಜಿಬಿಯ ಒಂದೇ ರ‍್ಯಾಮ್ ಇತ್ತು. ಎರಡು ಕ್ಯಾಮೆರಾಗಳಲ್ಲಿ ರಾತ್ರಿಯಿಡೀ ತೆಗೆದ ಆಟವನ್ನು ಟೈಮ್‌ಲೈನಿನ ಮೇಲೆ ಹರವಿಕೊಂಡರೆ ಭಾಗವತರ ಪದ ಒಂದು ಕಡೆ, ವೇಷಧಾರಿಯ ಹೆಜ್ಜೆ ಇನ್ನೊಂದು ಕಡೆ ಎಂಬಂತೆ ಚಿತ್ರ ತಡವರಿಸುತ್ತಿತ್ತು. ಅದಕ್ಕಾಗಿ ಅದೇ ಕಂಪನಿಯ, ಅದೇ ಮಾದರಿಯ, 3200 ವೇಗದ 8 ಜಿಬಿಯ ಇನ್ನೊಂದು ಡಿಡಿಆರ್4 ರ‍್ಯಾಮ್ ಕೊಂಡು ಹಾಕಿಸಿದೆ. ಹಾಕಿಕೊಟ್ಟವರು ಮೊದಲನೆಯದರ ಪಕ್ಕದಲ್ಲೇ ಒತ್ತಿ ಕೂರಿಸಿದ್ದಾರೆ. ಅಂದರೆ ಪ್ರೊಸೆಸರಿನ ಫ್ಯಾನಿಗೆ ಹತ್ತಿರವಿರುವ ಒಂದು ಮತ್ತು ಎರಡನೆಯ ಸ್ಲಾಟ್‌ಗಳು ತುಂಬಿವೆ, ಮೂರು ಮತ್ತು ನಾಲ್ಕು ಖಾಲಿ ಇವೆ. ನಿನ್ನೆ ಧೂಳು ಹೊಡೆಯಲೆಂದು ಪಕ್ಕದ ತಗಡು ತೆಗೆದಾಗ ಜೊತೆಗಿದ್ದ ಮಿತ್ರರೊಬ್ಬರು, ‘ಇವನ್ನು ಒಂದು ಬಿಟ್ಟು ಒಂದರಲ್ಲಿ ಹಾಕಬೇಕಿತ್ತಲ್ಲ’ ಎಂದು ಹೇಳಿ ತಲೆಯಲ್ಲಿ ಹುಳ ಬಿಟ್ಟು ಹೋದರು. ಬೋರ್ಡಿನ ಜೊತೆಗೆ ಬಂದ ಕೈಪಿಡಿ ಎಲ್ಲಿ ಹೋಯಿತೋ ತಿಳಿಯದು.

ಟಾಸ್ಕ್ ಮ್ಯಾನೇಜರಿನಲ್ಲಿ 16 ಜಿಬಿ ಎಂದೂ, ನಾಲ್ಕರಲ್ಲಿ ಎರಡು ಸ್ಲಾಟ್ ಬಳಕೆಯಲ್ಲಿವೆ ಎಂದೂ, ವೇಗ 2400 ಎಂದೂ ತೋರಿಸುತ್ತಿದೆ. ಪೂರ್ತಿ 16 ಜಿಬಿ ಲೆಕ್ಕಕ್ಕೆ ಸಿಕ್ಕಿರುವಾಗ ಸ್ಲಾಟ್ ಯಾವುದಾದರೇನು ಎಂಬುದು ನನ್ನ ಮೊದಲ ಪ್ರಶ್ನೆ. 3200 ಎಂದು ದುಡ್ಡು ಕೊಟ್ಟು ತಂದದ್ದು 2400 ಎಂದು ತೋರಿಸುವುದೇಕೆ ಎಂಬುದು ಎರಡನೆಯದು. ಅಕ್ಕನ ಮಗನ ಹಳೆಯ ಕಂಪ್ಯೂಟರಿನಿಂದ ತೆಗೆದ 4 ಜಿಬಿಯ, 2400 ವೇಗದ ಡಿಡಿಆರ್4 ರ‍್ಯಾಮ್ ಒಂದು ಸುಮ್ಮನೆ ಬಿದ್ದಿದೆ. ಅದನ್ನೂ ಮೂರನೆಯದಾಗಿ ಸೇರಿಸಬಹುದೇ?

ಕಾಳಿ ದಂಡೆ, ಕಾರವಾರ

ರಾಯರೇ, ಪ್ರಶ್ನೆ ಎಳಸಲ್ಲ. ರಿಪೇರಿಗೆಂದು ನನ್ನ ಮೇಜಿಗೆ ಬರುವ ಕಂಪ್ಯೂಟರ್‌ಗಳಲ್ಲಿ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಯಂತ್ರ ಕೆಟ್ಟಿಲ್ಲದ ಕಾರಣ ಮಾಲೀಕರಿಗೆ ಅದರ ಸುಳಿವೇ ಇರುವುದಿಲ್ಲ. ಉತ್ತರ ಮೊದಲು ಹೇಳಿಬಿಡುತ್ತೇನೆ: ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಿಗೆ ಅವನ್ನು ವರ್ಗಾಯಿಸಿ.

ರ‍್ಯಾಮ್ ಜೊತೆ ವ್ಯವಹರಿಸುವ ಕಂಟ್ರೋಲರ್ ಈಗಿನ ಪ್ರೊಸೆಸರ್‌ಗಳ ಒಳಗೇ ಇರುತ್ತದೆ. ನಿಮ್ಮಂಥ ಮೇಜಿನ ಕಂಪ್ಯೂಟರ್‌ಗಳಲ್ಲಿ ಅದರಿಂದ ಎರಡು ಚಾನೆಲ್‌ಗಳು ಹೊರಡುತ್ತವೆ. ಒಂದೊಂದೂ 64 ಬಿಟ್ ಅಗಲ. ನಾಲ್ಕು ಸ್ಲಾಟ್ ಇದ್ದ ಮಾತ್ರಕ್ಕೆ ನಾಲ್ಕು ದಾರಿಗಳಿವೆ ಎಂದಲ್ಲ, ಒಂದೊಂದು ದಾರಿಗೆ ಎರಡೆರಡು ಸ್ಲಾಟ್ ಹಂಚಿಕೆಯಾಗಿವೆ. ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಕ್ರಮವಾಗಿ ಎ1, ಎ2, ಬಿ1, ಬಿ2 ಎಂದು ಸ್ಲಾಟ್‌ಗಳ ಪಕ್ಕದಲ್ಲಿ ಇರುವೆ ಗಾತ್ರದ ಬಿಳಿ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ; ಮೊಬೈಲಿನ ಟಾರ್ಚ್ ಹಿಡಿದು ನೋಡಿ. ನಿಮ್ಮವು ಎರಡೂ ಎ ಚಾನೆಲ್ಲಿನಲ್ಲೇ ಕುಳಿತಿವೆ, ಬಿ ಚಾನೆಲ್ಲಿಗೆ ಕೆಲಸವೇ ಇಲ್ಲ. ನಮ್ಮ ಬೈತಖೋಲ್ ಬಂದರಿನಲ್ಲಿ ಎರಡು ದಕ್ಕೆಗಳು ಖಾಲಿ ಇದ್ದಾಗ ಎರಡೂ ಬೋಟುಗಳು ಒಂದೇ ದಕ್ಕೆಯಲ್ಲಿ ಸಾಲುಗಟ್ಟಿ ನಿಂತ ಹಾಗೆ ಇದು. ಮೀನು ಅಷ್ಟೇ ಬರುತ್ತದೆ, ಬುಟ್ಟಿ ಇಳಿಯುವುದು ಮಾತ್ರ ತಡವಾಗುತ್ತದೆ. ನಿಮಗೆ 16 ಜಿಬಿ ಪೂರ್ತಿ ತೋರಿಸುತ್ತಿರುವುದೂ ಇದೇ ಕಾರಣಕ್ಕೆ: ಅದು ಮೀನಿನ ಲೆಕ್ಕ, ಇಳಿಸುವ ವೇಗದ ಲೆಕ್ಕವಲ್ಲ.

ಗಣಿತ ಸುಲಭ. 3200 ಎಂದರೆ ಸೆಕೆಂಡಿಗೆ 320 ಕೋಟಿ ರವಾನೆ. ಒಂದು ರವಾನೆಗೆ 8 ಬೈಟ್. ಹಾಗಾಗಿ ಒಂದು ಚಾನೆಲ್ಲಿಗೆ ಸೆಕೆಂಡಿಗೆ 25.6 ಜಿಬಿ, ಎರಡಕ್ಕೆ 51.2 ಜಿಬಿ. ನೀವು ಈಗ ಒಂದೇ ಚಾನೆಲ್ಲಿನಲ್ಲಿ, ಅದೂ 2400 ವೇಗದಲ್ಲಿ ಓಡಿಸುತ್ತಿರುವುದರಿಂದ ನಿಮಗೆ ಸಿಗುತ್ತಿರುವುದು 19.2 ಮಾತ್ರ. ಇವು ಕಾಗದದ ಮೇಲಿನ ಗರಿಷ್ಠ ಅಂಕಿಗಳು ನಿಜ, ಆದರೆ ಅಂತರ ಎಷ್ಟೆಂಬುದು ಅವುಗಳಿಂದಲೇ ತಿಳಿಯುತ್ತದೆ. ಟೈಪಿಂಗ್, ಲೆಕ್ಕಪತ್ರ, ಸೊಸೈಟಿಯ ಬಿಲ್ ಇಷ್ಟೇ ಕೆಲಸವಿದ್ದವರಿಗೆ ಈ ಅಂತರ ಗೊತ್ತೇ ಆಗುವುದಿಲ್ಲ, ಅಂಥವರು ಬಂದರೆ ಸ್ಲಾಟ್ ಬದಲಿಸುವುದಕ್ಕೆ ನಾನು ದುಡ್ಡನ್ನೂ ಕೇಳುವುದಿಲ್ಲ. ನಿಮ್ಮ ವಿಷಯ ಹಾಗಲ್ಲ. 5600ಜಿ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಪರದೆಯ ಮೇಲೆ ಮೂಡುವ ಪ್ರತಿಯೊಂದು ಚೌಕಟ್ಟಿಗೂ ಅದು ಇದೇ ರ‍್ಯಾಮ್‌ನಿಂದ ಕಡ ತೆಗೆಯಬೇಕು. ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಕಿರಿದಾದ ದಾರಿಗೆ ಜಗ್ಗಾಡುತ್ತಿವೆ.

ಎರಡನೆಯ ಪ್ರಶ್ನೆ. ಪೊಟ್ಟಣದ ಮೇಲೆ ಬರೆದ 3200 ಸಾಮಾನ್ಯವಾಗಿ ಎಕ್ಸ್ಎಂಪಿ ಎಂಬ ಪ್ರೊಫೈಲಿನ, ಅಂದರೆ ತಯಾರಕರು ಮೊದಲೇ ಬರೆದಿಟ್ಟ ಹೊಂದಾಣಿಕೆಯ, ವೇಗ. ಅದನ್ನು ಬಯಾಸ್‌ಗೆ, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ ನಾವೇ ಚಾಲೂ ಮಾಡಬೇಕು. ಮಾಡದಿದ್ದರೆ ಬೋರ್ಡು ಎಲ್ಲೆಡೆ ನಡೆಯುವಂಥ ಕಡಿಮೆ ವೇಗವನ್ನು ಹಿಡಿದುಕೊಳ್ಳುತ್ತದೆ. ಎಎಂಡಿ ಬೋರ್ಡುಗಳಲ್ಲಿ ಕೆಲವು ತಯಾರಕರು ಇದನ್ನೇ ಡಿಓಸಿಪಿ ಎಂದು ಕರೆಯುತ್ತಾರೆ. ಆದರೆ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡಬೇಡಿ. ಮೊದಲು ಸ್ಲಾಟ್ ಬದಲಿಸಿ, ಕಂಪ್ಯೂಟರ್ ಸರಿಯಾಗಿ ಏಳುವುದನ್ನು ನೋಡಿ, ಆಮೇಲೆ ಪ್ರೊಫೈಲ್ ಮುಟ್ಟಿ. ಇಲ್ಲವಾದರೆ ತೊಂದರೆ ಬಂದಾಗ ತಪ್ಪು ಕೈಯದೋ ಬಯಾಸ್‌ನದೋ ಎಂದು ತಿಳಿಯುವುದಿಲ್ಲ.

ಕಿತ್ತು ಹಾಕುವ ಮೊದಲು ವಿಂಡೋಸ್ ಷಟ್‌ಡೌನ್ ಮಾಡಿ, ಯುಪಿಎಸ್‌ನಿಂದ ವಯರನ್ನೇ ಕಿತ್ತು, ಪವರ್ ಗುಂಡಿಯನ್ನು ಒಂದೆರಡು ಬಾರಿ ಒತ್ತಿ ಉಳಿದ ವಿದ್ಯುತ್ತು ಖಾಲಿಯಾಗಲು ಬಿಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಮುಟ್ಟಿದ ನಂತರವೇ ರ‍್ಯಾಮ್ ಹಿಡಿಯಿರಿ, ಅದೂ ಅಂಚಿನಲ್ಲಿ. ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಬಾರದು. ಕರಾವಳಿಯಲ್ಲಿ ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬೆವರು ಮತ್ತು ಉಪ್ಪುಗಾಳಿ ಸೇರಿ ಹಲ್ಲುಗಳ ಮೇಲೆ ಮಂಕು ಪದರ ಕಟ್ಟಿದ ರ‍್ಯಾಮ್‌ಗಳು ಮಳೆಗಾಲದಲ್ಲಿ ನನ್ನಲ್ಲಿಗೆ ಸಾಲಾಗಿ ಬರುತ್ತವೆ. ಹಾಗೆ ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ನಂತರ ಹಾಕಿ. ರಬ್ಬರಿನಿಂದ ಉಜ್ಜುವ ಪದ್ಧತಿ ಎಲ್ಲೆಡೆ ಇದೆ. ಪುಡಿ ಸ್ಲಾಟಿನೊಳಗೆ ಬೀಳುವುದನ್ನೂ ಚಿನ್ನದ ಲೇಪ ಸವೆಯುವುದನ್ನೂ ನೋಡಿರುವುದರಿಂದ ನಾನು ಅದನ್ನು ಬಿಟ್ಟಿದ್ದೇನೆ. ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟ್‌ಗಳಿಗೆ ಗಾಳಿ ಹೊಡೆದೇ ರ‍್ಯಾಮ್ ಇಳಿಸಿ. ಒಮ್ಮೆ ಒಂದರೊಳಗೆ ಜೇಡ ಬಲೆ ಕಟ್ಟಿ, ಮೊಟ್ಟೆ ಇಟ್ಟು, ಸಂಸಾರ ಹೂಡಿತ್ತು.

4 ಜಿಬಿಯದನ್ನು ಸೇರಿಸಬೇಡಿ. ವೇಗ ಬೇರೆ ಬೇರೆಯಾಗಿದ್ದರೆ ಎಲ್ಲವೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಅಷ್ಟೆಲ್ಲ ಮಾಡಿ ನೀವು ಮತ್ತೆ 2400ಕ್ಕೇ ಬಂದು ನಿಲ್ಲುತ್ತೀರಿ.

ಅಪ್ಪೆಮಿಡಿ, ಸಿದ್ದಾಪುರ

ಇಷ್ಟು ದೀರ್ಘವಾಗಿ ಎಣಿಸುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಸ್ಲಾಟ್‌ಗಳಿಗೆ ಎರಡು ಬಣ್ಣ ಕೊಟ್ಟಿರುತ್ತಾರೆ. ಒಂದೇ ಬಣ್ಣದ ಎರಡರಲ್ಲಿ ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಚಾನೆಲ್‌ಗಳು ಕೆಲಸಕ್ಕೆ ಬರುತ್ತವೆ. ಒಂದು ಮತ್ತು ಮೂರರಲ್ಲಿ ಹಾಕಿದರೂ ನಡೆಯುತ್ತದೆ, ಎರಡು ಮತ್ತು ನಾಲ್ಕರಲ್ಲಿ ಹಾಕಿದರೂ ನಡೆಯುತ್ತದೆ. ನಾನು ಹಲವು ವರ್ಷಗಳಿಂದ ಒಂದು ಮತ್ತು ಮೂರರಲ್ಲೇ ಹಾಕಿಕೊಂಡಿದ್ದೇನೆ, ಏನೂ ಆಗಿಲ್ಲ. ಲಿನಕ್ಸ್ ಬಳಸುವವರು ಪೆಟ್ಟಿಗೆ ಬಿಚ್ಚದೆಯೇ ಡಿಎಂಐಡಿಕೋಡ್ ಆಜ್ಞೆಯಿಂದ ಯಾವ ಸ್ಲಾಟಿನಲ್ಲಿ ಏನಿದೆ ಎಂದು ಓದಿಕೊಳ್ಳಬಹುದು.

ಗಜನಿ ಕಗ್ಗ, ಕುಮಟಾ

ಅಪ್ಪೆಮಿಡಿಯವರ ಮಾತು ಅರ್ಧ ಸರಿ. ಒಂದು ಮತ್ತು ಮೂರರಲ್ಲಿ ಹಾಕಿದರೂ ಡ್ಯುಯಲ್ ಚಾನೆಲ್ ಆಗುತ್ತದೆ ಎಂಬುದು ನಿಜ. ಆದರೂ ತಯಾರಕರು ಎರಡು ಮತ್ತು ನಾಲ್ಕನ್ನೇ ಹೇಳುವುದಕ್ಕೆ ಕಾರಣವಿದೆ. ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು, ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು.

ಈಗಿನ ಬಹುಪಾಲು ಬೋರ್ಡುಗಳಲ್ಲಿ ಒಂದು ಚಾನೆಲ್ಲಿನ ತಂತಿಗಳು ಪ್ರೊಸೆಸರಿನಿಂದ ಹೊರಟು ಮೊದಲು ಹತ್ತಿರದ ಸ್ಲಾಟನ್ನು ಮುಟ್ಟಿ, ಅಲ್ಲಿಂದ ಮುಂದುವರಿದು ದೂರದ ಸ್ಲಾಟಿನಲ್ಲಿ ಕೊನೆಗೊಳ್ಳುತ್ತವೆ. ಇದನ್ನು ಡೈಸಿ ಚೈನ್ ಎನ್ನುತ್ತಾರೆ. ಹತ್ತಿರದ ಸ್ಲಾಟಿನಲ್ಲಿ ಮಾತ್ರ ರ‍್ಯಾಮ್ ಇಟ್ಟು ದೂರದ್ದನ್ನು ಖಾಲಿ ಬಿಟ್ಟರೆ, ರ‍್ಯಾಮ್ ದಾಟಿದ ಮೇಲೂ ತಂತಿಯದೊಂದು ಬಾಲ ಉಳಿಯುತ್ತದೆ. ಸಂಕೇತ ಆ ಬಾಲದ ತುದಿಯವರೆಗೆ ಹೋಗಿ, ಅಲ್ಲಿ ತೆಗೆದುಕೊಳ್ಳುವವರು ಯಾರೂ ಇಲ್ಲದೆ ಹಿಂದಿರುಗಿ ಬಂದು ಮುಂದಿನ ಸಂಕೇತದ ಜೊತೆ ಕಲಸಿಕೊಳ್ಳುತ್ತದೆ. ಅಘನಾಶಿನಿಯ ಉಬ್ಬರದ ನೀರು ಗಜನಿ ಗದ್ದೆಯ ಕಟ್ಟೆಗೆ ಹೊಡೆದು ಹಿಂದಕ್ಕೆ ಸುಳಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರ‍್ಯಾಮ್ ದಾರಿಯ ಕೊನೆಯ ಸ್ಲಾಟಿನಲ್ಲಿ, ಅಂದರೆ ಎ2 ಮತ್ತು ಬಿ2ಗಳಲ್ಲಿ, ಇದ್ದರೆ ಆ ಬಾಲವೇ ಇರುವುದಿಲ್ಲ. 2133 ಅಥವಾ 2400ರಲ್ಲಿ ಈ ಕಲಸುಮೇಲೋಗರ ಲೆಕ್ಕಕ್ಕೆ ಬಾರದು, ಅಪ್ಪೆಮಿಡಿಯವರಿಗೆ ಏನೂ ಆಗದಿರುವುದಕ್ಕೆ ಅದೇ ಕಾರಣವಿದ್ದೀತು. ವೇಗ ಏರಿದಂತೆ ಅದು ಕಾಡುತ್ತದೆ: ಎಕ್ಸ್ಎಂಪಿ ಹಾಕಿದೊಡನೆ ಕಂಪ್ಯೂಟರ್ ಏಳದಿರುವುದು, ಇನ್ನೂ ಕೆಟ್ಟದ್ದೆಂದರೆ ಎದ್ದು ಯಾವಾಗಲೋ ಒಮ್ಮೆ ನೀಲಿ ಪರದೆ ತೋರಿಸುವುದು. ಎರಡೂ ಸ್ಲಾಟ್‌ಗಳಿಗೆ ಸಮಾನ ಉದ್ದದ ತಂತಿ ಎಳೆಯುವ ಟಿ ಟೊಪಾಲಜಿ ಎಂಬ ಇನ್ನೊಂದು ವಿನ್ಯಾಸವೂ ಇದೆ. ನಾಲ್ಕೂ ಸ್ಲಾಟ್ ತುಂಬುವವರಿಗೆ ಅದು ಅನುಕೂಲ. ಒಂದೇ ರ‍್ಯಾಮ್ ಇರುವಾಗಲೂ ಸಾಮಾನ್ಯವಾಗಿ ಎ2ರಲ್ಲೇ ಹಾಕಲು ಹೇಳುತ್ತಾರೆ.

ಬಣ್ಣವನ್ನು ಮಾತ್ರ ನಂಬಬೇಡಿ. ನಾಲ್ಕೂ ಸ್ಲಾಟ್‌ಗಳು ಕಪ್ಪಾಗಿರುವ ಬೋರ್ಡುಗಳು ಈಗ ಧಾರಾಳವಾಗಿವೆ. ನಮ್ಮ ಲ್ಯಾಬಿನ ಹಳೆಯ ಡಿಡಿಆರ್3 ಕಾಲದ ಸಿದ್ಧ ಕಂಪ್ಯೂಟರ್‌ಗಳಲ್ಲಿ ಸ್ಲಾಟ್‌ಗಳ ಮೇಲೆ 1, 2, 3, 4 ಎಂದಷ್ಟೇ ಬರೆದಿದೆ. ಅಲ್ಲಿ 1 ಮತ್ತು 2 ಬೇರೆ ಬೇರೆ ಚಾನೆಲ್ಲಿನವು, ಮೊದಲು ತುಂಬಬೇಕಾದವೂ ಅವೇ, ಮತ್ತು ಸಾಲಿನಲ್ಲಿ ಅವು ಅಕ್ಕಪಕ್ಕದಲ್ಲೂ ಇಲ್ಲ. ‘ಎರಡು ಮತ್ತು ನಾಲ್ಕು’ ಎಂಬುದನ್ನು ಬಾಯಿಪಾಠ ಮಾಡಿಕೊಂಡ ನಮ್ಮ ಹುಡುಗನೊಬ್ಬ ಸ್ಲಾಟಿನ ಮೇಲಿನ ಅಂಕಿಯನ್ನೇ ನೋಡಿ ಹಾಕಿ, ಅಪರಾಹ್ನವಿಡೀ ತಲೆ ಕೆಡಿಸಿಕೊಂಡಿದ್ದ. ಆದ್ದರಿಂದ ಬೋರ್ಡಿನ ಮಾದರಿಯ ಹೆಸರನ್ನು ಓದಿಕೊಂಡು ತಯಾರಕರ ತಾಣದಿಂದ ಕೈಪಿಡಿಯ ಪಿಡಿಎಫ್ ಇಳಿಸಿಕೊಳ್ಳಿ. ಒಂದು, ಎರಡು, ನಾಲ್ಕು ರ‍್ಯಾಮ್‌ಗಳಿಗೆ ಯಾವ ಯಾವ ಸ್ಲಾಟ್ ಎಂಬ ಪುಟ್ಟ ಚಿತ್ರ ಅದರ ಮೊದಲ ಪುಟಗಳಲ್ಲೇ ಸಿಗುತ್ತದೆ. ಅದು ಹೇಳಿದ್ದೇ ಅಂತಿಮ. ನಾನು, ಕಾಳಿ ದಂಡೆಯವರು ಹೇಳಿದ್ದೆಲ್ಲ ಅದರ ನಂತರ.

ಮೂರನೆಯ ರ‍್ಯಾಮ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎರಡು ಚಾನೆಲ್‌ಗಳಲ್ಲಿ ಅಳತೆ ಬೇರೆ ಬೇರೆಯಾಗಿದ್ದರೂ ಕಂಪ್ಯೂಟರ್ ನಡೆಯುತ್ತದೆ. ಇಂಟೆಲ್‌ನವರು ಇದನ್ನು ಫ್ಲೆಕ್ಸ್ ಮೆಮೊರಿ ಎನ್ನುತ್ತಾರೆ. ಉದಾಹರಣೆಗೆ ಒಂದು ಕಡೆ 8, ಇನ್ನೊಂದು ಕಡೆ 4 ಇದ್ದರೆ, ಎರಡೂ ಕಡೆಯ ನಾಲ್ಕು ನಾಲ್ಕು ಸೇರಿ 8 ಜಿಬಿ ಡ್ಯುಯಲ್ ಚಾನೆಲ್ಲಿನಲ್ಲೂ, ಉಳಿದ 4 ಜಿಬಿ ಒಂಟಿ ಚಾನೆಲ್ಲಿನಲ್ಲೂ ಓಡುತ್ತದೆ. ರ‍್ಯಾಮ್ ನಿಜಕ್ಕೂ ಸಾಲದೆ ಹಾರ್ಡ್ ಡಿಸ್ಕ್ ತಡಕಾಡುತ್ತಿರುವವರಿಗೆ ಅಂಥ ಅಸಮ ಜೋಡಿಯೂ ಲಾಭವೇ; ‘ಎಂದಿಗೂ ಬೆರೆಸಬೇಡಿ’ ಎಂದು ನಾನು ಹೇಳಲಾರೆ. ನಿಮ್ಮಲ್ಲಿ ಸಮ ಜೋಡಿ ಇದೆ. ಅದನ್ನು ಕೆಡಿಸಿಕೊಳ್ಳುವುದು ಬೇಡ.

ಮುಂದೆ ಡಿಡಿಆರ್5 ಯಂತ್ರ ಕೊಳ್ಳುವವರಿಗೆ ಈ ವಿಷಯ ಇನ್ನೂ ಬಿಗಿಯಾಗುತ್ತದೆ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳಿದ ವೇಗ ಎರಡು ರ‍್ಯಾಮ್‌ಗಳಿದ್ದರೆ 5200, ನಾಲ್ಕಿದ್ದರೆ 3600. ಹೀಗಿರುವಾಗ ‘ಈಗ ಎರಡು, ಮುಂದಿನ ವರ್ಷ ಇನ್ನೆರಡು’ ಎಂಬ ನಮ್ಮ ಹಳೆಯ ಲೆಕ್ಕಾಚಾರ ನಡೆಯದು. ಬೇಕಾದ ಅಳತೆಯನ್ನು ಮೊದಲೇ ಎರಡರಲ್ಲಿ ಕೊಳ್ಳುವುದು ಮೇಲು.

ಚಂಡೆಪೆಟ್ಟು, ಶಿರಸಿ

ಇಬ್ಬರು ಹಿರಿಯರಿಗೂ, ಅಪ್ಪೆಮಿಡಿಯವರಿಗೂ ವಂದನೆಗಳು. ಕೈಪಿಡಿ ಸಿಕ್ಕಿತು, ಎರಡು ರ‍್ಯಾಮ್‌ಗಳಿಗೆ ಎ2 ಮತ್ತು ಬಿ2 ಎಂದೇ ಅದರಲ್ಲಿದೆ. ಇವತ್ತು ಅಂಗಡಿಯ ಬಾಗಿಲು ಎಳೆದುಕೊಂಡು ಸ್ಲಾಟ್ ಬದಲಿಸಿದೆ. ಆದರೆ ಈಗ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಬೋರ್ಡಿನ ಅಂಚಿನಲ್ಲಿ ಡಿರ‍್ಯಾಮ್ ಎಂಬ ಅಕ್ಷರದ ಪಕ್ಕ ಸಣ್ಣ ಬೆಳಕೊಂದು ಹೊತ್ತಿಕೊಂಡೇ ಇದೆ. ಐದಾರು ಬಾರಿ ಆರಿಸಿ ಹಚ್ಚಿದೆ. ಭಾನುವಾರ ಕೊಡಬೇಕಾದ ಮದುವೆಯ ವಿಡಿಯೋ ಇದರಲ್ಲೇ ಇದೆ.

ಕಾಳಿ ದಂಡೆ, ಕಾರವಾರ

ಗಾಬರಿ ಬೇಡ. ಆ ಬೆಳಕು ಹೇಳುತ್ತಿರುವುದು ಇಷ್ಟೇ: ರ‍್ಯಾಮ್ ಬೋರ್ಡಿನ ಕೈಗೆ ಸಿಕ್ಕಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಪೂರ್ತಿ ಇಳಿದಿರುವುದಿಲ್ಲ.

ನಿಮ್ಮ ಸ್ಲಾಟಿನ ಎರಡೂ ತುದಿಗಳಲ್ಲಿ ತೆರೆಯುವ ಕ್ಲಿಪ್ ಇದೆಯೇ, ಒಂದೇ ತುದಿಯಲ್ಲಿದೆಯೇ ನೋಡಿ. ಒಂದೇ ಕಡೆ ಇದ್ದರೆ, ಕ್ಲಿಪ್ ಇರುವ ಕಡೆ ಟಕ್ ಎಂದು ಸದ್ದಾದ ಕೂಡಲೇ ಕೆಲಸ ಮುಗಿಯಿತೆಂದು ನಾವು ಕೈ ತೆಗೆಯುತ್ತೇವೆ, ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೆಯೇ ನಿಂತಿರುತ್ತದೆ. ಡಿಡಿಆರ್4 ರ‍್ಯಾಮ್‌ನ ಕೆಳ ಅಂಚು ನೇರವಾಗಿಲ್ಲ, ನಡುವೆ ತುಸು ಉಬ್ಬಿದೆ. 288 ಹಲ್ಲುಗಳೂ ಒಂದೇ ಕ್ಷಣಕ್ಕೆ ಕಚ್ಚಿಕೊಂಡರೆ ಬಹಳ ಬಲ ಬೇಕಾಗುತ್ತದೆಂದು ಹಾಗೆ ಮಾಡಿದ್ದಾರೆ. ಅದರಿಂದಾಗಿ ನಡುವೆ ಗಟ್ಟಿಯಾಗಿ ಕೂತಂತೆ ಅನ್ನಿಸಿದರೂ ತುದಿಗಳು ಕೂತಿರಲಿಕ್ಕಿಲ್ಲ. ವಯರ್ ಕಿತ್ತು, ಎರಡನ್ನೂ ಹೊರತೆಗೆದು, ಹಲ್ಲುಗಳ ನಡುವಿನ ಕೊರೆತ ಸ್ಲಾಟಿಗೆ ಹೊಂದುವುದನ್ನು ನೋಡಿಕೊಂಡು, ಮೊದಲು ಒಂದನ್ನು ಮಾತ್ರ ಎ2ರಲ್ಲಿ ಇಡಿ. ಕ್ಲಿಪ್ ಇಲ್ಲದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಇಳಿಸಿ, ಅನಂತರ ಕ್ಲಿಪ್ ಇರುವ ತುದಿಯನ್ನು ಒತ್ತಿ. ಕ್ಲಿಪ್ ತಾನಾಗಿಯೇ ಮೇಲೆದ್ದು ಹಿಡಿದುಕೊಳ್ಳಬೇಕು; ನೀವು ಅದನ್ನು ಎಳೆದು ಮುಚ್ಚಬಾರದು. ಒಂದರಲ್ಲಿ ಎದ್ದರೆ ಎರಡನೆಯದನ್ನು ಬಿ2ಗೆ ಹಾಕಿ. ಮೊದಲ ಸಲ ಎರಡು ನಿಮಿಷ ಕಾಯಿರಿ, ನಡುವೆ ಆರಿಸಬೇಡಿ; ಹೊಸ ಜೋಡಣೆಯನ್ನು ಬೋರ್ಡು ಪರೀಕ್ಷಿಸಿ ಹೊಂದಿಸಿಕೊಳ್ಳಲು ಸಮಯ ಬೇಕು.

ಚಂಡೆಪೆಟ್ಟು, ಶಿರಸಿ

ನೀವು ಅಲ್ಲಿಂದಲೇ ಕಣ್ಣಾರೆ ನೋಡಿದಂತೆ ಹೇಳಿದಿರಿ. ಕ್ಲಿಪ್ ಒಂದೇ ಕಡೆ ಇತ್ತು. ಇನ್ನೊಂದು ತುದಿಯಲ್ಲಿ ಚಿನ್ನದ ಹಲ್ಲುಗಳ ಗೆರೆಯೊಂದು ಉಗುರಿನ ಅಂಚಿನಷ್ಟು ಹೊರಗೆ ಕಾಣುತ್ತಿತ್ತು. ಬೋರ್ಡು ಬಾಗುವುದೋ ಎಂಬ ಹೆದರಿಕೆಯಲ್ಲೇ ಒತ್ತಿದೆ, ಇಳಿಯಿತು. ಪರದೆಯೂ ಬಂತು. ಕಂಪ್ಯೂಟರಿನ ಒಳವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದ ಮೆಮೊರಿ ಪುಟದಲ್ಲಿ ಈಗ ಡ್ಯುಯಲ್ ಎಂದಿದೆ. ಅನಂತರ ಎಕ್ಸ್ಎಂಪಿ ಹಾಕಿದೆ; ಟಾಸ್ಕ್ ಮ್ಯಾನೇಜರ್ 3200 ಎನ್ನುತ್ತದೆ, ಸಿಪಿಯು-ಝಡ್ ಮಾತ್ರ 1600ರ ಆಸುಪಾಸು ತೋರಿಸುತ್ತಿದೆ. ಅರ್ಧಕ್ಕೆ ಅರ್ಧ ಎಲ್ಲಿ ಹೋಯಿತು?

ಗಜನಿ ಕಗ್ಗ, ಕುಮಟಾ

ಎಲ್ಲಿಗೂ ಹೋಗಿಲ್ಲ. ಡಿಡಿಆರ್ ಎಂಬ ಹೆಸರೇ ಇಮ್ಮಡಿ ದರ ಎಂಬ ಅರ್ಥದ್ದು: ಗಡಿಯಾರದ ಒಂದು ಬಡಿತಕ್ಕೆ ಎರಡು ರವಾನೆ. ಸಿಪಿಯು-ಝಡ್ ಬಡಿತವನ್ನು ತೋರಿಸುತ್ತದೆ, ಟಾಸ್ಕ್ ಮ್ಯಾನೇಜರ್ ರವಾನೆಯನ್ನು ತೋರಿಸುತ್ತದೆ. ಇಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿಟ್ಟು ಮಲಗಿ. ಬೆಳಿಗ್ಗೆ ಒಂದೇ ಒಂದು ತಪ್ಪು ಕಂಡರೂ ಎಕ್ಸ್ಎಂಪಿ ತೆಗೆದು ಇನ್ನೊಮ್ಮೆ ಪರೀಕ್ಷಿಸಿ. ಮದುವೆಯ ವಿಡಿಯೋದ ಒಂದು ಪ್ರತಿಯನ್ನು ಅದಕ್ಕೂ ಮೊದಲೇ ಬೇರೆ ಡಿಸ್ಕಿಗೆ ತೆಗೆದಿಟ್ಟುಕೊಳ್ಳಿ.

ಚಂಡೆಪೆಟ್ಟು, ಶಿರಸಿ

ರಾತ್ರಿಯಿಡೀ ಓಡಿಸಿದೆ, ಒಂದೂ ತಪ್ಪಿಲ್ಲ. ಕೆಲಸದಲ್ಲಿ ಕಂಡ ಬದಲಾವಣೆಯನ್ನು ಇದ್ದಂತೆ ಬರೆಯುತ್ತೇನೆ. ಕೊನೆಯಲ್ಲಿ ವಿಡಿಯೋ ರೆಂಡರ್ ಆಗುವ ಸಮಯದಲ್ಲಿ ಸ್ವಲ್ಪವೇ ಉಳಿತಾಯವಾಗಿದೆ, ಹೇಳಿಕೊಳ್ಳುವಂಥದ್ದಲ್ಲ. ಎರಡು ಕ್ಯಾಮೆರಾಗಳ ಚಿತ್ರವನ್ನು ಟೈಮ್‌ಲೈನಿನಲ್ಲಿ ಎಳೆದಾಡುವಾಗ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಬಣ್ಣದ ವೇಷ ಧೀಂಗಿಣ ಹೊಡೆಯುವಾಗ ಮುಂಚೆ ನಡುನಡುವೆ ನಿಂತು ಹಾರುತ್ತಿದ್ದ ಚಿತ್ರ ಈಗ ತಾಳಕ್ಕೆ ಸರಿಯಾಗಿ ಸುತ್ತುತ್ತದೆ. 4 ಜಿಬಿಯ ರ‍್ಯಾಮ್ ಅಕ್ಕನ ಮಗನಿಗೇ ಹಿಂದಿರುಗಿಸಿದೆ. ಅವನ ಬೋರ್ಡಿನಲ್ಲಿ ಎರಡೇ ಸ್ಲಾಟ್‌ಗಳಂತೆ, ಆಯ್ಕೆಯ ತಲೆನೋವಿಲ್ಲ.

ಕಾಳಿ ದಂಡೆ, ಕಾರವಾರ

ಸಂತೋಷ. ಖಾಲಿ ಇರುವ ಎ1, ಬಿ1 ಸ್ಲಾಟ್‌ಗಳ ಮೇಲೆ ಧೂಳು ಕೂರದಂತೆ ಪಕ್ಕದ ತಗಡನ್ನು ಮರೆಯದೆ ಮುಚ್ಚಿ. ನಿಮ್ಮ ಘಟ್ಟದ ಮೇಲಿನ ಮಳೆಯೂ ಕಡಿಮೆಯದಲ್ಲ.